ವರದಿಗಾರಿಕೆ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು (ಮಂಗಳೂರು, ಉಡುಪಿ ಕಡೆಯವರಿಗೆ)

ಕಾಲೇಜು ಮುಗಿಸಿದವರು, ಊರಿನ ಸುದ್ದಿ ಕಳಿಸಲು ಈಗಷ್ಟೇ ಶುರು ಮಾಡಿದವರು, ಸ್ವಂತ ಯೂಟ್ಯೂಬ್ ಚಾನೆಲ್ ತೆರೆದವರು, ಎಲ್ಲರೂ ಕೇಳುವುದು ಹೆಚ್ಚು ಕಡಿಮೆ ಇವೇ ಪ್ರಶ್ನೆಗಳನ್ನು. ಒಬ್ಬೊಬ್ಬರಿಗೂ ಫೋನಲ್ಲಿ ಹೇಳುವ ಬದಲು ಒಂದೇ ಕಡೆ ಬರೆದಿಟ್ಟಿದ್ದೇನೆ. ಕೆಲವು ಉತ್ತರ ಉದ್ದ ಆಗಿದೆ. ಬೇಕಾದ್ದನ್ನು ಹುಡುಕಿ ಓದಿಕೊಳ್ಳಿ.

ಜರ್ನಲಿಸಂ ಓದದೆ ವರದಿಗಾರ ಆಗಬಹುದಾ?

ಆಗಬಹುದು. ನಮ್ಮ ಎರಡೂ ಜಿಲ್ಲೆಗಳಲ್ಲಿ ತಾಲೂಕು, ಹೋಬಳಿಯಿಂದ ಸುದ್ದಿ ಕಳಿಸುವವರಲ್ಲಿ ಅಡಿಕೆ ತೋಟ ನೋಡಿಕೊಳ್ಳುವವರಿದ್ದಾರೆ, ಫೋಟೊ ಸ್ಟುಡಿಯೊ ಇಟ್ಟವರಿದ್ದಾರೆ, ಟ್ಯೂಷನ್ ಹೇಳುವವರಿದ್ದಾರೆ. ಓದುವ ಅನುಕೂಲ ಇದ್ದರೆ ಖಂಡಿತ ಓದಿ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ವಿಭಾಗ ಉಂಟು. ಮಣಿಪಾಲ, ಉಜಿರೆ, ಮೂಡುಬಿದಿರೆ, ಮಂಗಳೂರಿನ ಅಲೋಶಿಯಸ್, ಇಷ್ಟು ಕಡೆ ಕಲಿಸುತ್ತಾರೆ. ಕೋರ್ಸಿನಲ್ಲಿ ಕಾನೂನು, ಕ್ಯಾಮೆರಾ, ಎಡಿಟಿಂಗ್ ಗೊತ್ತಾಗುತ್ತದೆ, ಇಂಟರ್ನ್‌ಶಿಪ್‌ಗೆ ದಾರಿ ಆಗುತ್ತದೆ. ಗುರುತಿಲ್ಲದವರ ಮನೆ ಅಂಗಳಕ್ಕೆ ಹೋಗಿ ಮಾತಾಡಿಸುವ ಧೈರ್ಯ ಮಾತ್ರ ಯಾವ ಸಿಲೆಬಸ್‌ನಲ್ಲೂ ಇಲ್ಲ. "ನಿಮಗೆ ಇದು ಹೇಗೆ ಗೊತ್ತು?" ಎಂದು ಕೇಳುವ ಅಭ್ಯಾಸವೂ ಅಷ್ಟೇ. ಈ ಪ್ರಶ್ನೆ ಕೆಳಗೆ ಬೇರೆ ಬೇರೆ ಕಡೆ ಬರುತ್ತಲೇ ಇರುತ್ತದೆ, ಬೇಸರ ಮಾಡಬೇಡಿ.

ನಮ್ಮ ಊರಲ್ಲಿ ಏನೂ ನಡೆಯುವುದೇ ಇಲ್ಲ. ಎಂತ ಬರೆಯುವುದು?

ನಿಮ್ಮ ಪಂಚಾಯತಿನ ಗ್ರಾಮಸಭೆಗೆ ಹೋಗಿದ್ದೀರಾ? ಹೋಗಿ, ಕೊನೆಯವರೆಗೆ ಕೂತುಕೊಳ್ಳಿ. ಉದ್ಘಾಟನೆ ಮುಗಿದ ಕೂಡಲೇ ಎದ್ದು ಬಂದರೆ ಏನೂ ಸಿಗುವುದಿಲ್ಲ. ಹಕ್ಕುಪತ್ರ, ಕುಡಿಯುವ ನೀರು, ಕಸದ ಘಟಕಕ್ಕೆ ಜಾಗ, ಎಲ್ಲ ಜಗಳ ಶುರು ಆಗುವುದೇ ಆಮೇಲೆ.

ಮಳೆಗಾಲ ಮುಗಿದ ಮೇಲೆ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದರಾ? ಹಾಕದಿದ್ದರೆ ಯಾಕೆ? ಹಲಗೆ ಕೊಳೆತಿದೆಯಾ, ಗುತ್ತಿಗೆ ಯಾರಿಗೂ ಆಗಿಲ್ಲವಾ, ದುಡ್ಡು ಬಂದಿಲ್ಲವಾ? ಇದು ಸುದ್ದಿ. ಊರಿಗೆ ಬರುವ ಸಂಜೆಯ ಕೊನೆ ಬಸ್ ನಿಂತು ಹೋದರೆ ಅದು ಇನ್ನೂ ದೊಡ್ಡ ಸುದ್ದಿ. ಮಕ್ಕಳು ಕಾಲುಸಂಕ ದಾಟಿ ಶಾಲೆಗೆ ಹೋಗುವ ಫೋಟೊ ಬೈಂದೂರು, ಬೆಳ್ತಂಗಡಿ, ಸುಳ್ಯ ಕಡೆಯಿಂದ ಜೂನ್‌ನಲ್ಲಿ ಬರುತ್ತದೆ. ಮೇ ತಿಂಗಳಲ್ಲೇ ಬರೆದರೆ ಏನಾದರೂ ಮಾಡಲು ಸಮಯ ಇರುತ್ತದೆ, ಅಲ್ವಾ?

ಮೀನುಗಾರಿಕೆಯ ರಜೆಯನ್ನೇ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮಲ್ಪೆಯಲ್ಲಿ ಸಾಲಾಗಿ ನಿಂತ ಬೋಟುಗಳ ಫೋಟೊ ಎಲ್ಲರೂ ಹಾಕುತ್ತಾರೆ. ಆ ಎರಡು ತಿಂಗಳು ಐಸ್ ಪ್ಲಾಂಟಿನ ಕೆಲಸದವರು ಏನು ಮಾಡುತ್ತಾರೆ, ಬಲೆ ರಿಪೇರಿಯ ಕೂಲಿ ಎಷ್ಟು, ಮೀನು ಮಾರುವ ಹೆಂಗಸರು ಮೀನು ಎಲ್ಲಿಂದ ತರುತ್ತಾರೆ, ಇದನ್ನು ಕೇಳಿಕೊಂಡು ಬಂದವರು ಕಡಿಮೆ.

ಲೀಡ್ ಬರೆಯುವುದು ಹೇಗೆ?

ಲೀಡ್ ಅಂದರೆ ಸುದ್ದಿಯ ಮೊದಲ ಪ್ಯಾರಾ. ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ. ಈ ಆರು ಪ್ರಶ್ನೆಗಳಿಗೆ ಮೊದಲ ಪ್ಯಾರಾದಲ್ಲೇ ಉತ್ತರ ಇರಬೇಕು ಎಂದು ಎಲ್ಲ ಕಡೆ ಕಲಿಸುತ್ತಾರೆ. ಸರಿ. ಆದರೆ ಆರನ್ನೂ ಒಂದೇ ವಾಕ್ಯಕ್ಕೆ ತುಂಬಿಸಿದರೆ ಕನ್ನಡದಲ್ಲಿ ಅನಾಹುತ. ನಮ್ಮಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಹಾಗಾಗಿ ಏನಾಯಿತು ಎಂದು ಗೊತ್ತಾಗಲು ಓದುಗ ಪೂರ್ತಿ ವಾಕ್ಯ ಹೊತ್ತುಕೊಂಡು ಹೋಗಬೇಕಾಗುತ್ತದೆ.

ಒಂದು ಉದಾಹರಣೆ ಕಟ್ಟೋಣ, ನಡೆದ ಘಟನೆ ಅಲ್ಲ. ಮೊದಲು ಹೊಸಬರು ಬರೆಯುವ ರೀತಿ:

"ಮಂಗಳವಾರ ಸಂಜೆ ನಗರದಲ್ಲಿ ಸುರಿದ ಗಾಳಿ ಸಹಿತ ಭಾರಿ ಮಳೆಗೆ ಕಂಕನಾಡಿ ಸಮೀಪ ರಸ್ತೆ ಬದಿಯಲ್ಲಿದ್ದ, ತೆರವುಗೊಳಿಸುವಂತೆ ಎರಡು ತಿಂಗಳ ಹಿಂದೆ ಸ್ಥಳೀಯರು ಪಾಲಿಕೆಗೆ ಮನವಿ ಸಲ್ಲಿಸಿದ್ದರು ಎನ್ನಲಾದ ಬೃಹತ್ ಗಾತ್ರದ ಮರವೊಂದು ಚಲಿಸುತ್ತಿದ್ದ ಆಟೊರಿಕ್ಷಾದ ಮೇಲೆ ಉರುಳಿ ಬಿದ್ದ ಪರಿಣಾಮ ಚಾಲಕ ಗಾಯಗೊಂಡು ವೆನ್ಲಾಕ್ ಆಸ್ಪತ್ರೆಗೆ ದಾಖಲಾದ ಘಟನೆ ನಡೆದಿದೆ."

ಉಸಿರು ಕಟ್ಟಿತಲ್ಲ? ಈಗ ಇದನ್ನು ನೋಡಿ:

"ಕಂಕನಾಡಿಯಲ್ಲಿ ಮಂಗಳವಾರ ಸಂಜೆ ಆಟೊ ಮೇಲೆ ಮರ ಬಿದ್ದು ಚಾಲಕ ಗಾಯಗೊಂಡಿದ್ದಾರೆ. ಈ ಮರ ಕಡಿಯುವಂತೆ ಎರಡು ತಿಂಗಳ ಹಿಂದೆಯೇ ಪಾಲಿಕೆಗೆ ಅರ್ಜಿ ಕೊಟ್ಟಿದ್ದೆವು ಎಂದು ಹತ್ತಿರದ ಅಂಗಡಿಯವರು ಹೇಳಿದ್ದಾರೆ."

"ಘಟನೆ ನಡೆದಿದೆ" ಎಂಬ ಬಾಲ ಹೋಯಿತು, ಯಾರಿಗೂ ನಷ್ಟ ಆಗಲಿಲ್ಲ. "ಎನ್ನಲಾದ" ಹೋಗಿ "ಅಂಗಡಿಯವರು" ಬಂದರು. ಮುಖ್ಯವಾದದ್ದು ಇದೇ. "ಎನ್ನಲಾಗಿದೆ", "ಹೇಳಲಾಗುತ್ತಿದೆ" ಎಂದು ಬರೆದಾಗಲೆಲ್ಲ ಅಂದವರು ಯಾರು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರ ಇದ್ದರೆ ಅವರ ಹೆಸರು ಹಾಕಿ. ಇಲ್ಲದಿದ್ದರೆ ಆ ಸಾಲು ತೆಗೆಯಿರಿ.

ಕೆಲಸ ಇಲ್ಲಿಗೆ ಮುಗಿಯಲಿಲ್ಲ. ಅರ್ಜಿ ಕೊಟ್ಟಿದ್ದೇವೆ ಅಂದರಲ್ಲ, ಅದರ ಪ್ರತಿ ಇದೆಯಾ ಎಂದು ಕೇಳಿ. ಪಾಲಿಕೆಯ ಸೀಲು, ತಾರೀಕು ಇರುವ ಪ್ರತಿ ತೋರಿಸಿದರೆ ಫೋಟೊ ತೆಗೆದುಕೊಳ್ಳಿ, ಈಗ ನಿಮ್ಮ ಲೀಡೇ ಬೇರೆ ಆಯಿತು. ಆಮೇಲೆ ಪಾಲಿಕೆಯ ಅಧಿಕಾರಿಗೆ ಫೋನ್ ಮಾಡಿ. ಮರ ಕಡಿಯಲು ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಯ ಅನುಮತಿ ಬೇಕು, ಅದು 1976ರ ಮರ ಸಂರಕ್ಷಣಾ ಕಾಯ್ದೆಯ ನಿಯಮ ಎಂದು ಅವರು ಹೇಳಬಹುದು. ಹಾಗಾದರೆ ಅರಣ್ಯ ಇಲಾಖೆಗೆ ಪತ್ರ ಬರೆದದ್ದು ಯಾವಾಗ? ಅಲ್ಲಿಂದ ಏನು ಉತ್ತರ ಬಂತು? ಮರ ಬಿದ್ದ ಸುದ್ದಿ ಎಲ್ಲರ ಹತ್ತಿರವೂ ಇರುತ್ತದೆ. ಫೈಲ್ ಯಾವ ಮೇಜಿನ ಮೇಲೆ ನಿಂತಿತು ಎಂಬುದು ನಿಮ್ಮ ಹತ್ತಿರ ಮಾತ್ರ.

ತಲೆಕೆಳಗಾದ ಪಿರಮಿಡ್ ಅಂದರೆ?

ಮುಖ್ಯವಾದದ್ದು ಮೇಲೆ, ಕಡಿಮೆ ಮುಖ್ಯದ್ದು ಕೆಳಗೆ. ರಾತ್ರಿ ಕೊನೆ ಗಳಿಗೆಯಲ್ಲಿ ಒಂದು ಜಾಹೀರಾತು ಬಂದರೆ ಡೆಸ್ಕಿನವರು, ಅಂದರೆ ಕಚೇರಿಯಲ್ಲಿ ಸುದ್ದಿ ತಿದ್ದಿ ಪುಟ ಕಟ್ಟುವವರು, ನಿಮ್ಮ ಸುದ್ದಿಯನ್ನು ಕೆಳಗಿನಿಂದ ಕತ್ತರಿಸುತ್ತಾರೆ. ಕೊನೆ ಪ್ಯಾರಾದಲ್ಲಿ ಸಸ್ಪೆನ್ಸ್ ಇಟ್ಟಿದ್ದರೆ ಅದೇ ಹೋಗುತ್ತದೆ. ಮೊಬೈಲ್‌ನಲ್ಲಿ ಓದುವವರೂ ಅಷ್ಟೇ, ಎರಡು ಪ್ಯಾರಾ ಆದ ಮೇಲೆ ಮುಂದಕ್ಕೆ ಹೋಗುತ್ತಾರೆ. ವಿಶೇಷ ಬರಹಗಳಿಗೆ ಈ ನಿಯಮ ಬೇಡ.

ಪ್ರೆಸ್ ನೋಟ್ ಬಂದಿದೆ. ಹಾಗೇ ಹಾಕಬಹುದಾ?

ವಿದ್ಯುತ್ ನಿಲುಗಡೆ, ರಕ್ತದಾನ ಶಿಬಿರ, ಅರ್ಜಿ ಆಹ್ವಾನ ಇಂಥದ್ದಾದರೆ ತಾರೀಕು, ಜಾಗ ನೋಡಿಕೊಂಡು ಹಾಕಿ. ತಾರೀಕಿಗೂ ವಾರಕ್ಕೂ ತಾಳೆ ಆಗುತ್ತದಾ ಎಂದು ಕ್ಯಾಲೆಂಡರ್ ನೋಡಿ. "ಭಾನುವಾರ 14ರಂದು" ಎಂದು ಬರೆದಿರುತ್ತಾರೆ, 14 ಸೋಮವಾರ ಆಗಿರುತ್ತದೆ.

ಉಳಿದದ್ದಕ್ಕೆಲ್ಲ ಒಂದು ಪ್ರಶ್ನೆಯಾದರೂ ಹೆಚ್ಚು ಕೇಳಿ. ಪ್ರೆಸ್ ನೋಟ್‌ನಲ್ಲಿ ಇರುವುದು ಕಳಿಸಿದವರಿಗೆ ಬೇಕಾದ್ದು. "5 ಕೋಟಿ ರೂ. ಕಾಮಗಾರಿಗೆ ಶಂಕುಸ್ಥಾಪನೆ" ಎಂದಿದ್ದರೆ, ಟೆಂಡರ್ ಆಗಿದೆಯಾ, ಯಾವಾಗ ಮುಗಿಯಬೇಕು, ಇದೇ ರಸ್ತೆಗೆ ಹಿಂದೆ ಒಮ್ಮೆ ಗುದ್ದಲಿ ಪೂಜೆ ಆಗಿತ್ತಾ? ಕೊನೆಯ ಪ್ರಶ್ನೆಗೆ ಉತ್ತರ ನಿಮ್ಮ ಹಳೆಯ ಫೈಲ್‌ನಲ್ಲೇ ಸಿಗಬಹುದು. ಸುದ್ದಿಗೋಷ್ಠಿಯಲ್ಲೂ ಹೀಗೇ. ಚಾ ಕುಡಿದು, ಕೊಟ್ಟ ಕಾಗದ ಹಿಡಿದುಕೊಂಡು ಬರುವುದಕ್ಕೆ ವರದಿಗಾರ ಯಾಕೆ ಬೇಕು? ಅದನ್ನು ವಾಟ್ಸಾಪ್ ಮಾಡುತ್ತದೆ.

ಕಾರ್ಯಕ್ರಮದ ವರದಿಯಲ್ಲಿ ವೇದಿಕೆಯಲ್ಲಿದ್ದ ಎಲ್ಲರ ಹೆಸರು ಹಾಕಬೇಕಾ?

ನಮ್ಮ ಕರಾವಳಿಯ ದೊಡ್ಡ ಸಂಕಟ ಇದು ಮಾರಾಯ್ರೆ. ಬ್ರಹ್ಮಕಲಶೋತ್ಸವ ಇರಲಿ, ಶಾಲೆಯ ವಾರ್ಷಿಕೋತ್ಸವ ಇರಲಿ, ವೇದಿಕೆಯಲ್ಲಿ ಇಪ್ಪತ್ತು ಮಂದಿ, ಸಭೆಯಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿ. ಒಂದು ಹೆಸರು ಬಿಟ್ಟು ಹೋದರೆ ಬೆಳಿಗ್ಗೆ ಏಳಕ್ಕೇ ಫೋನ್. ನಿಮ್ಮ ಪತ್ರಿಕೆಯ ಪದ್ಧತಿ ಹೇಗಿದೆಯೋ ಹಾಗೆ ಹೆಸರು ಹಾಕಿ, ಆದರೆ ಕೊನೆಯ ಪ್ಯಾರಾದಲ್ಲಿ ಹಾಕಿ. ಮೊದಲ ಸಾಲಿನಲ್ಲಿ, ಅಲ್ಲಿ ಯಾರಾದರೂ ಹೇಳಿದ ಹೊಸ ವಿಷಯ ಇರಲಿ. "ದೀಪ ಬೆಳಗಿಸಿ ಉದ್ಘಾಟಿಸಿದರು" ಎಂಬುದು ಹೊಸ ವಿಷಯ ಅಲ್ಲ. ಹೊಸ ವಿಷಯವೇ ಇಲ್ಲದಿದ್ದರೆ ಫೋಟೊ, ಅದರ ಕೆಳಗೆ ಎರಡು ಸಾಲು ಸಾಕು.

ಹೆಸರಿನ ವಿಷಯ ಬಂತು, ಇದನ್ನೂ ಹೇಳಿಬಿಡುತ್ತೇನೆ. ಒಂದೇ ಗ್ರಾಮದಲ್ಲಿ ಒಂದೇ ಹೆಸರಿನ ಶೆಟ್ಟರು, ಪೂಜಾರಿಗಳು, ಡಿಸೋಜರು ನಾಲ್ಕಾರು ಮಂದಿ ಇರುತ್ತಾರೆ. ಇನಿಶಿಯಲ್, ಮನೆ ಹೆಸರು, ಊರು ಕೇಳದೆ ಬರೆಯಬೇಡಿ. ಕೇಸಿನ ಸುದ್ದಿಯಲ್ಲಿ ಇದು ತಪ್ಪಿದರೆ ಇನ್ನೊಬ್ಬರ ಮಾನ ಹೋಗುತ್ತದೆ.

ಅಪಘಾತ, ಅಪರಾಧದ ಸುದ್ದಿ: ಯಾರಿಗೆ ಫೋನ್ ಮಾಡುವುದು?

ಮೊದಲು ಠಾಣೆ ಯಾವುದು ಎಂದು ತಿಳಿದುಕೊಳ್ಳಿ. ಮಂಗಳೂರಿನಲ್ಲಿ 2010ರಿಂದ ಪೊಲೀಸ್ ಕಮಿಷನರೇಟ್ ಉಂಟು. ಉಳ್ಳಾಲ, ಕೊಣಾಜೆ, ಸುರತ್ಕಲ್, ಮೂಲ್ಕಿ, ಮೂಡುಬಿದಿರೆ ಎಲ್ಲ ಕಮಿಷನರ್ ಕೆಳಗೆ ಬರುತ್ತವೆ. ಬಂಟ್ವಾಳ, ಪುತ್ತೂರು, ಬೆಳ್ತಂಗಡಿ, ಸುಳ್ಯ, ಕಡಬ ಜಿಲ್ಲಾ ಎಸ್‌ಪಿಗೆ ಸೇರಿದ್ದು. ಉಡುಪಿಗೆ ಇಡೀ ಜಿಲ್ಲೆಗೆ ಒಬ್ಬರೇ ಎಸ್‌ಪಿ. ಬಂಟ್ವಾಳದ ಬಿ.ಸಿ. ರೋಡಿನ ಅಪಘಾತಕ್ಕೆ ಕಮಿಷನರ್ ಕಚೇರಿಗೆ ಫೋನ್ ಮಾಡಿದರೆ ನಿಮ್ಮ ಅರ್ಧ ಗಂಟೆ ಹೋಯಿತು ಅಂತಲೇ ಲೆಕ್ಕ.

ಎಫ್‌ಐಆರ್ ಓದಲು ಕಲಿಯಿರಿ. ಪ್ರಥಮ ಮಾಹಿತಿ ವರದಿಯನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕು ಎಂದು 2016ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಸೂಕ್ಷ್ಮ ಪ್ರಕರಣಗಳಿಗೆ ಮಾತ್ರ ವಿನಾಯಿತಿ. ಅದರಲ್ಲಿ ದೂರು ಕೊಟ್ಟವರು ಯಾರು, ಘಟನೆ ಯಾವಾಗ, ದೂರು ಯಾವಾಗ, ಯಾವ ಸೆಕ್ಷನ್ ಎಲ್ಲ ಇರುತ್ತದೆ. ಘಟನೆಗೂ ದೂರಿಗೂ ನಡುವೆ ತುಂಬ ದಿನ ಇದ್ದರೆ ಯಾಕೆ ಎಂದು ಕೇಳಿ. ನೆನಪಿರಲಿ, ಎಫ್‌ಐಆರ್ ಅಂದರೆ ದೂರುದಾರರು ಹೇಳಿದ್ದು. ಅದರಲ್ಲಿ ಇದೆ ಎಂಬ ಕಾರಣಕ್ಕೆ "ಕಳ್ಳತನ ಮಾಡಿದ ಯುವಕ" ಎಂದು ಬರೆಯುವ ಹಾಗಿಲ್ಲ. ಕೋರ್ಟಿನ ತೀರ್ಪು ಬರುವವರೆಗೆ ಆತ ಆರೋಪಿ.

ಕೆಲವು ಹೆಸರುಗಳನ್ನು ಬರೆಯಲೇಬಾರದು. ಅತ್ಯಾಚಾರದ ಸಂತ್ರಸ್ತೆಯ ಗುರುತು ಹೊರಗೆ ಹಾಕುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್, ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಇವೆ. ಗುರುತು ಅಂದರೆ ಬರೀ ಹೆಸರಲ್ಲ. "ಇಂಥ ಶಾಲೆಯ ಒಂಬತ್ತನೇ ತರಗತಿಯ, ಇಂಥ ಬಸ್‌ಸ್ಟ್ಯಾಂಡ್ ಬಳಿ ಕ್ಯಾಂಟೀನ್ ಇರುವವರ ಮಗಳು" ಎಂದು ಬರೆದರೆ ಇಡೀ ಊರಿಗೆ ಗೊತ್ತಾಗುತ್ತದೆ. ಸಣ್ಣ ಊರಿನಲ್ಲಿ ಆರೋಪಿ ಹತ್ತಿರದ ಸಂಬಂಧಿಯಾಗಿದ್ದರೆ ಅವನ ಹೆಸರು ಬರೆದರೂ ಮಗುವಿನ ಗುರುತು ಸಿಕ್ಕ ಹಾಗೆಯೇ.

ಆತ್ಮಹತ್ಯೆಯ ಸುದ್ದಿಯಲ್ಲಿ ಹೇಗೆ ಸತ್ತರು ಎಂಬ ವಿವರ ಬೇಡ, ಜಾಗದ ವರ್ಣನೆ ಬೇಡ, ಚೀಟಿಯ ಫೋಟೊ ಬೇಡ, "ಪರೀಕ್ಷೆಯಲ್ಲಿ ಫೇಲ್ ಆದದ್ದಕ್ಕೆ" ಎಂದು ಒಂದೇ ಕಾರಣ ಅಂಟಿಸುವುದೂ ಬೇಡ. ಪ್ರೆಸ್ ಕೌನ್ಸಿಲ್ ಈ ಬಗ್ಗೆ 2019ರಲ್ಲಿ ಸ್ಪಷ್ಟ ಮಾರ್ಗಸೂಚಿ ಕೊಟ್ಟಿದೆ. ಕೆಳಗೆ ಟೆಲಿ ಮಾನಸ್ ಸಹಾಯವಾಣಿ 14416 ಹಾಕಿ. ನಮ್ಮಲ್ಲಿ ನೇತ್ರಾವತಿ ಸೇತುವೆಯ ಹೆಸರನ್ನು ತಲೆಬರಹದಲ್ಲಿ ಹಾಕುವ ಚಾಳಿ ಇದೆಯಲ್ಲ, ಅದನ್ನು ಬಿಟ್ಟರೆ ಒಳ್ಳೆಯದು.

ಒಬ್ಬೊಬ್ಬರು ಒಂದೊಂದು ಸಂಖ್ಯೆ ಹೇಳುತ್ತಾರೆ. ಯಾವುದನ್ನು ಬರೆಯಲಿ?

ಸಂಖ್ಯೆ ಯಾರದ್ದು, ಎಷ್ಟು ಗಂಟೆಯದ್ದು ಎಂದು ಸೇರಿಸಿ ಬರೆಯಿರಿ. "ಸಂಜೆ 6ರವರೆಗೆ ಮೂವರು ಮೃತಪಟ್ಟಿದ್ದಾರೆ ಎಂದು ವೆನ್ಲಾಕ್ ಆಸ್ಪತ್ರೆಯ ವೈದ್ಯಾಧಿಕಾರಿ ತಿಳಿಸಿದ್ದಾರೆ" ಎಂದರೆ ಆಮೇಲೆ ಸಂಖ್ಯೆ ಬದಲಾದರೂ ನೀವು ಬರೆದದ್ದು ಸುಳ್ಳಾಗುವುದಿಲ್ಲ.

ಎರಡನೆಯದು, ಕೂಡಿಸಿ ನೋಡಿ. 2010ರ ಮೇ 22ರಂದು ಕೆಂಜಾರಿನಲ್ಲಿ ದುಬೈ ವಿಮಾನ ಪತನವಾದಾಗ ಅದರಲ್ಲಿ 166 ಮಂದಿ ಇದ್ದರು. 158 ಮಂದಿ ತೀರಿಕೊಂಡರು, 8 ಮಂದಿ ಬದುಕಿದರು. ಎರಡೂ ಸೇರಿಸಿದರೆ 166 ಬರಬೇಕು, ಬರುತ್ತದೆ. ಯಾವ ಅಪಘಾತದಲ್ಲೂ ಸತ್ತವರು, ಗಾಯಗೊಂಡವರು, ಪಾರಾದವರು ಸೇರಿ ಒಟ್ಟು ಸಂಖ್ಯೆಗೆ ತಾಳೆ ಆಗದಿದ್ದರೆ ಯಾರನ್ನೋ ಎರಡು ಸಲ ಎಣಿಸಿದ್ದಾರೆ ಅಥವಾ ಯಾರೋ ಬಿಟ್ಟು ಹೋಗಿದ್ದಾರೆ.

ಲೆಕ್ಕ ಸರಿ ಇದ್ದೂ ಸುದ್ದಿ ದಾರಿ ತಪ್ಪಬಹುದು. 2020ರ ಐಕಳ ಕಂಬಳ ನೆನಪಿದೆಯಾ? ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಕೋಣ ಓಡುವ ಗದ್ದೆ) 13.62 ಸೆಕೆಂಡಿನಲ್ಲಿ ಮುಟ್ಟಿದರು. ಯಾರೋ ಭಾಗಿಸಿ 100 ಮೀಟರಿಗೆ 9.55 ಸೆಕೆಂಡ್ ಅಂದರು. ಉಸೇನ್ ಬೋಲ್ಟ್ 2009ರಲ್ಲಿ ಓಡಿದ್ದು 9.58. ಅಷ್ಟೇ ಸಾಕಾಯಿತು, ಸುದ್ದಿ ಜಗತ್ತೆಲ್ಲ ಸುತ್ತಿತು. ಭಾಗಾಕಾರದಲ್ಲಿ ತಪ್ಪಿಲ್ಲ. ಆದರೆ ಕಂಬಳದಲ್ಲಿ ಓಡುವವನನ್ನು ಕೋಣಗಳು ಎಳೆದುಕೊಂಡು ಹೋಗುತ್ತವೆ, ಕೆಸರು ಗದ್ದೆ ಬೇರೆ, ಒಟ್ಟು ದೂರವೇ ಬೇರೆ. ನಿಂತಲ್ಲಿಂದ ಗುಂಡಿನ ಸದ್ದಿಗೆ ಓಡುವ 100 ಮೀಟರಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಕ್ರೀಡಾ ಪ್ರಾಧಿಕಾರ ಟ್ರಯಲ್ಸ್‌ಗೆ ಕರೆದಾಗ ಗೌಡರೇ ಹೋಗಲಿಲ್ಲ. ಕಂಬಳ ಗೊತ್ತಿರುವ ನಮ್ಮ ಊರಿನ ಯಾವ ಅಜ್ಜನನ್ನು ಕೇಳಿದ್ದರೂ ಎರಡು ನಿಮಿಷದಲ್ಲಿ ಇದನ್ನು ಹೇಳುತ್ತಿದ್ದರು. ಕೇಳಿದವರು ಕಡಿಮೆ.

ಮಳೆ ಸುದ್ದಿ ಬರೆಯುವಾಗ ಏನು ನೋಡಬೇಕು?

ಅಲರ್ಟ್ ಅಂದರೆ ಮುನ್ಸೂಚನೆ. ಬಿದ್ದ ಮಳೆ ಬೇರೆ. ಎರಡನ್ನೂ ಕಲಸಬೇಡಿ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿ.ಮೀ.ನಿಂದ 115.5 ಮಿ.ಮೀ.ವರೆಗೆ ಬಂದರೆ ಭಾರಿ ಮಳೆ, 115.6ರಿಂದ 204.4ರವರೆಗೆ ಅತಿ ಭಾರಿ, ಅದಕ್ಕೂ ಮೇಲೆ ಹೋದರೆ ಅತ್ಯಂತ ಭಾರಿ. ಈ 24 ಗಂಟೆ ಅಂದರೆ ಹಿಂದಿನ ದಿನ ಬೆಳಿಗ್ಗೆ 8.30ರಿಂದ ಇವತ್ತು ಬೆಳಿಗ್ಗೆ 8.30. ನಿಮ್ಮ ಚಪ್ಪಲಿ ನೆನೆದಷ್ಟಕ್ಕೆ "ದಾಖಲೆಯ ಮಳೆ" ಎಂದು ಬರೆಯಬಾರದು. ಯಾವ ದಾಖಲೆ, ಯಾವ ವರ್ಷದ್ದು, ಪಣಂಬೂರಿನ ಮಳೆ ಅಳೆಯುವ ಕೇಂದ್ರದ್ದಾ ಬಜಪೆಯದ್ದಾ ಎಂದು ಹೇಳಲು ಆಗದಿದ್ದರೆ ಆ ಮಾತು ಬಿಡಿ.

ವಾಟ್ಸಾಪ್‌ನಲ್ಲಿ ಬಂದ ವಿಡಿಯೊ ನಿಜವಾ ಎಂದು ನೋಡುವುದು ಹೇಗೆ?

ಮೊದಲು ಕಳಿಸಿದವರಿಗೆ ಫೋನ್ ಮಾಡಿ: ನೀವೇ ತೆಗೆದದ್ದಾ? ಅಲ್ಲ, ಗ್ರೂಪಲ್ಲಿ ಬಂತು ಅನ್ನುತ್ತಾರೆ. ಹಾಗಾದರೆ ಯಾವ ಗ್ರೂಪು, ಹಾಕಿದ್ದು ಯಾರು ಎಂದು ಹಿಂದಕ್ಕೆ ಹೋಗಿ.

ಆಮೇಲೆ ವಿಡಿಯೊವನ್ನು ಸದ್ದಿಲ್ಲದೆ, ನಿಧಾನವಾಗಿ ನೋಡಿ. ಗಾಡಿಗಳ ನಂಬರ್ ಪ್ಲೇಟ್ ಕಾಣಿಸುತ್ತದಾ? ಕೆಎ 19 ಮಂಗಳೂರು, ಕೆಎ 20 ಉಡುಪಿ, ಕೆಎ 21 ಪುತ್ತೂರು, ಕೆಎಲ್ 14 ಕಾಸರಗೋಡು. ಒಂದು ಗಾಡಿ ಎಲ್ಲಿಯದ್ದೂ ಇರಬಹುದು, ಆದರೆ ನಿಂತ ಹತ್ತೂ ಗಾಡಿ ಕೇರಳದ್ದಾದರೆ ಅದು ಉಪ್ಪಿನಂಗಡಿ ಅಂತ ನಂಬುವುದು ಹೇಗೆ? ಅಂಗಡಿ ಬೋರ್ಡಿನ ಭಾಷೆ, ಬಸ್ಸಿನ ಬಣ್ಣ, ಮೈಲುಗಲ್ಲು, ಜನ ಮಾತಾಡುವ ತುಳುವೋ ಮಲಯಾಳವೋ, ಎಲ್ಲ ಕೇಳಿ, ನೋಡಿ. ಒಂದು ಫ್ರೇಮ್ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ. ಮಳೆಗಾಲ ಬಂದರೆ ಚಾರ್ಮಾಡಿ, ಶಿರಾಡಿಯ ಹಳೆಯ ಕುಸಿತದ ವಿಡಿಯೊಗಳು ಹೊಸದಾಗಿ ಹುಟ್ಟುತ್ತವೆ. ಶಾಲೆಗೆ ರಜೆ ಎಂಬ ಜಿಲ್ಲಾಧಿಕಾರಿಯ ಆದೇಶವೂ ಹೀಗೇ. ಕೆಳಗಿನ ತಾರೀಕು, ವರ್ಷ ನೋಡಿ, ನಂಬಿಕೆ ಬಾರದಿದ್ದರೆ ವಾರ್ತಾ ಇಲಾಖೆಗೆ ಒಂದು ಫೋನ್.

ಇಬ್ಬರ ಜಗಳದ ವಿಡಿಯೊ ಆದರೆ ಇನ್ನೂ ಜಾಗ್ರತೆ. ನಮ್ಮ ಕರಾವಳಿಯಲ್ಲಿ ಪಾರ್ಕಿಂಗ್ ಜಗಳಕ್ಕೂ ಅರ್ಧ ಗಂಟೆಯೊಳಗೆ ಧರ್ಮದ ಬಣ್ಣ ಬರುತ್ತದೆ. ಜಗಳಕ್ಕೂ ಧರ್ಮಕ್ಕೂ ಸಂಬಂಧ ಇದೆ ಎಂದು ಪೊಲೀಸರೋ ದೂರೋ ಹೇಳದೆ ಇದ್ದರೆ "ಅನ್ಯಕೋಮಿನ" ಎಂಬ ಪದ ನಿಮ್ಮ ವರದಿಯಲ್ಲಿ ಯಾಕೆ ಬೇಕು? ನಾವೇ ಮೊದಲು ಹಾಕಬೇಕು ಎಂಬ ಅವಸರ ಇರುತ್ತದೆ, ಗೊತ್ತು. ಹತ್ತು ನಿಮಿಷ ತಡವಾದರೆ ಒಂದಷ್ಟು ವ್ಯೂಸ್ ಹೋಗಬಹುದು. ಅವಸರ ಮಾಡಿದರೆ ಹೋಗುವುದು ಬೇರೆಯವರ ಅಂಗಡಿಯ ಗಾಜು, ಬೇರೆಯವರ ತಲೆ.

ತುಳು, ಕೊಂಕಣಿ, ಬ್ಯಾರಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಗೆ ಬರೆಯುವುದು?

ಅವರು ಮಾತಾಡುವ ಹದದಲ್ಲೇ ಬರೆಯಿರಿ. ಮನೆಗೆ ನೀರು ನುಗ್ಗಿದ ಅಜ್ಜಿ ತುಳುವಿನಲ್ಲಿ ಏನೋ ಹೇಳಿರುತ್ತಾರೆ. ಮರುದಿನ ಪೇಪರಿನಲ್ಲಿ, "ಇದು ಆಡಳಿತ ವ್ಯವಸ್ಥೆಯ ನಿರ್ಲಕ್ಷ್ಯಕ್ಕೆ ಹಿಡಿದ ಕೈಗನ್ನಡಿ" ಎಂದು ಅವರ ಹೆಸರಿನಲ್ಲಿ ಬರುತ್ತದೆ. ಯಾವ ಅಜ್ಜಿ ಹಾಗೆ ಮಾತಾಡುತ್ತಾರೆ? "ಅಕ್ಕಿಯೆಲ್ಲ ಒದ್ದೆ ಆಯಿತು, ಯಾರೂ ಬರಲಿಲ್ಲ" ಅಂದಿದ್ದರೆ ಅದನ್ನೇ ಹಾಕಿ, ಅದಕ್ಕೇ ತೂಕ ಜಾಸ್ತಿ. ಸಂಶಯ ಇದ್ದರೆ ಬರೆದದ್ದನ್ನು ಅವರಿಗೆ ಅವರ ಭಾಷೆಯಲ್ಲೇ ಹೇಳಿ, ಸರಿಯಾ ಎಂದು ಕೇಳಿ. ನಿಮಗೆ ಬ್ಯಾರಿ ಬರುವುದಿಲ್ಲ, ಪಕ್ಕದವರು ಅರ್ಥ ಹೇಳಿದರು ಅಂದಾದರೆ ಮಾತಿನ ಚಿಹ್ನೆ ಹಾಕಬೇಡಿ, ಸಾರಾಂಶ ಬರೆಯಿರಿ.

"ಇದನ್ನು ಬರೀಬೇಡಿ" ಎಂದು ಅಧಿಕಾರಿ ಹೇಳಿದರೆ?

ಹೇಳುವ ಮೊದಲೇ ಕೇಳಿಕೊಂಡು, ನೀವು ಒಪ್ಪಿದ್ದರೆ ಮಾತಿಗೆ ತಪ್ಪಬೇಡಿ. ಎಲ್ಲ ಹೇಳಿ ಮುಗಿಸಿ ಎದ್ದು ನಿಂತ ಮೇಲೆ "ಆಫ್ ದಿ ರೆಕಾರ್ಡ್ ಆಯ್ತಾ" ಅಂದರೆ ಅದು ಲೆಕ್ಕಕ್ಕಿಲ್ಲ. ಆದರೆ ಕ್ಯಾಮೆರಾ ಅಭ್ಯಾಸ ಇಲ್ಲದ ಸಾಮಾನ್ಯ ಜನರ ಹತ್ತಿರ ಈ ಕಾನೂನು ಮಾತಾಡಬೇಡಿ. ಅವರಿಗೆ ತೊಂದರೆ ಆಗುವ ಹಾಗಿದ್ದರೆ ಹೆಸರು ಬಿಡಿ.

ಆರ್‌ಟಿಐ ಹಾಕುವುದು ಕಷ್ಟವಾ?

ಕಷ್ಟ ಇಲ್ಲ, ತಾಳ್ಮೆ ಬೇಕು. 2005ರ ಮಾಹಿತಿ ಹಕ್ಕು ಕಾಯ್ದೆ ಪ್ರಕಾರ 30 ದಿನದೊಳಗೆ ಉತ್ತರ ಬರಬೇಕು, ಜೀವ ಅಥವಾ ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆ. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂ. ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಉತ್ತರ ಬಾರದಿದ್ದರೆ ಮೇಲ್ಮನವಿ.

ಹೊಸಬರು "ರಸ್ತೆ ಯಾಕೆ ಹಾಳಾಗಿದೆ?" ಎಂದು ಕೇಳುತ್ತಾರೆ. "ಯಾಕೆ" ಎಂಬುದಕ್ಕೆ ಕಚೇರಿಯಲ್ಲಿ ಕಾಗದ ಇರುವುದಿಲ್ಲ. ಕಾಗದವನ್ನೇ ಕೇಳಿ: ಇಂಥ ರಸ್ತೆಯ ಕಾರ್ಯಾದೇಶದ ಪ್ರತಿ, ಅಳತೆ ಪುಸ್ತಕದ ಪ್ರತಿ, ಬಿಲ್ ಪಾವತಿಯ ವಿವರ. ಅಳತೆ ಪುಸ್ತಕದಲ್ಲಿ ಡಾಮರು ಎಷ್ಟು ದಪ್ಪ ಎಂದು ಬರೆದಿರುತ್ತಾರೆ. ಸ್ಕೇಲ್ ಹಿಡಿದುಕೊಂಡು ಹೋಗಿ ಅಂಚಿನಲ್ಲಿ ಅಳೆಯಿರಿ.

ಕೇಸ್ ಹಾಕುತ್ತೇನೆ ಎಂದು ಹೆದರಿಸುತ್ತಾರೆ.

ಮಾನನಷ್ಟಕ್ಕೆ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್. 2024ರ ಜುಲೈ 1ರ ಮೊದಲು ಐಪಿಸಿ 499, 500 ಇತ್ತು. ಸತ್ಯವಾಗಿದ್ದು ಸಾರ್ವಜನಿಕ ಹಿತಕ್ಕೆ ಬೇಕಾದ ವಿಷಯವಾದರೆ ರಕ್ಷಣೆ ಉಂಟು. "ಆರೋಪಿಸಲಾಗಿದೆ" ಎಂದು ಬರೆದ ಮಾತ್ರಕ್ಕೆ ನೀವು ಪಾರಾಗುವುದಿಲ್ಲ. ದಾಖಲೆ ಇಟ್ಟುಕೊಳ್ಳಿ, ನೋಟ್‌ಬುಕ್ ಎಸೆಯಬೇಡಿ. ಯಾರ ಮೇಲೆ ದೂರು ಇದೆಯೋ ಅವರಿಗೆ ಫೋನ್ ಮಾಡಿ, ಉತ್ತರ ಕೊಡಲು ಸಮಯ ಕೊಡಿ. ರಾತ್ರಿ ಹತ್ತೂವರೆಗೆ ಒಂದು ಮಿಸ್ಡ್ ಕಾಲ್ ಕೊಟ್ಟು "ಸಂಪರ್ಕಕ್ಕೆ ಸಿಗಲಿಲ್ಲ" ಎಂದು ಬರೆಯುವುದು ಮೋಸ.

ಕವರ್, ಗಿಫ್ಟ್, ಜಾಹೀರಾತು?

ಕವರ್, ಅಂದರೆ ದುಡ್ಡು ಹಾಕಿ ಕೊಡುವ ಲಕೋಟೆ, ಬೇಡ. ಚಾ, ಊಟದ ಬಗ್ಗೆ ನಾನು ಅಷ್ಟು ಕಟ್ಟುನಿಟ್ಟಲ್ಲ. ನಿಜವಾದ ಸಮಸ್ಯೆ ಜಾಹೀರಾತು. ಸುದ್ದಿಗಿಷ್ಟು ಎಂದು ಸಿಗುವ ದುಡ್ಡಿನಲ್ಲಿ ಬೈಕಿನ ಪೆಟ್ರೋಲಿಗೇ ಕಷ್ಟ. ಅದರ ಮೇಲೆ ಪುರವಣಿಗೆ ಜಾಹೀರಾತು ತರಲು ಎಷ್ಟೋ ಕಡೆ ವರದಿಗಾರರನ್ನೇ ಕಳಿಸುತ್ತಾರೆ. ಬೆಳಿಗ್ಗೆ ಜಾಹೀರಾತು ಕೇಳಿದವರ ಕಲ್ಲುಕೋರೆ ಬಗ್ಗೆ ಸಂಜೆ ಬರೆಯುವುದು ಹೇಗೆ? ಒಪ್ಪಿಕೊಳ್ಳುವ ಮೊದಲೇ ನಿಮ್ಮ ಕೆಲಸ ಯಾವುದು, ಯಾವುದಲ್ಲ ಎಂದು ಕೇಳಿಕೊಳ್ಳಿ. ಹೊಟ್ಟೆಪಾಡಿಗೆ ಇನ್ನೊಂದು ಕೆಲಸ ಇದ್ದರೆ ಬೇಡ ಅನ್ನುವುದು ಸುಲಭ.

ಎಐ ಬಳಸಬಹುದಾ?

ಆಡಿಯೊ ಕೇಳಿ ಬರೆದುಕೊಳ್ಳಲು, ದೊಡ್ಡ ವರದಿಯಲ್ಲಿ ಪುಟ ಹುಡುಕಲು ಬಳಸಿ. ಹೆಸರು, ಊರು, ಅಂಕಿ, ಯಾರದಾದರೂ ಮಾತು, ಇವನ್ನು ಅದರ ಮೇಲೆ ಬಿಟ್ಟು ಮಲಗಬೇಡಿ.

ಪತ್ರಿಕೋದ್ಯಮದ ಇತಿಹಾಸ ಗೊತ್ತಿರಬೇಕಾ?

ಇಂಟರ್‌ವ್ಯೂನಲ್ಲಿ ಕೇಳುತ್ತಾರೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹುಟ್ಟಿದ್ದು ಇಲ್ಲೇ, 1843ರ ಜುಲೈ 1ರಂದು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಸಂಪಾದಕ, ಕಲ್ಲಚ್ಚಿನಲ್ಲಿ ಮುದ್ರಣ, ಹದಿನೈದು ದಿನಕ್ಕೊಮ್ಮೆ. ಮರುವರ್ಷ ಬಳ್ಳಾರಿಗೆ ಹೋಯಿತು, ಹೆಸರೂ 'ಕನ್ನಡ ಸಮಾಚಾರ' ಆಯಿತು. ಜುಲೈ 1ರಂದು ಪತ್ರಿಕಾ ದಿನ ಆಚರಿಸುವುದು ಇದಕ್ಕೇ. ಮಣಿಪಾಲದಿಂದ 'ಉದಯವಾಣಿ' ಶುರುವಾದದ್ದು 1970ರಲ್ಲಿ, ವಡ್ಡರ್ಸೆ ರಘುರಾಮ ಶೆಟ್ಟರು ಮಂಗಳೂರಿನಿಂದ 'ಮುಂಗಾರು' ತಂದದ್ದು 1984ರಲ್ಲಿ. ಹಳೆಯ ಸಂಚಿಕೆಗಳು ಲೈಬ್ರರಿಯಲ್ಲಿ ಸಿಕ್ಕರೆ ಸ್ಥಳೀಯ ಪುಟ ತಿರುವಿ ನೋಡಿ, ಕಡಿಮೆ ಜಾಗದಲ್ಲಿ ಹೇಗೆ ಬರೆಯುತ್ತಿದ್ದರು ಎಂದು ಗೊತ್ತಾಗುತ್ತದೆ.

ಮೊದಲ ವರದಿ ಸಿದ್ಧ. ಕಳಿಸುವಾಗ?

ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಮೇಲ್ ಮಾಡಿ. ಮೇಲೆ ಊರು, ತಾರೀಕು, ಕೆಳಗೆ ನಿಮ್ಮ ಫೋನ್ ನಂಬರ್. ಫೋಟೊವನ್ನು ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಮಸುಕಾಗುತ್ತದೆ. ಫೋಟೊದಲ್ಲಿರುವವರ ಹೆಸರು ಎಡದಿಂದ. ಫೋಟೊ ತೆಗೆದದ್ದು ಯಾರು ಎಂದೂ ಬರೆಯಿರಿ.

ಕಳಿಸಿದ ಸುದ್ದಿ ಬರಲೇ ಇಲ್ಲ. ಡೆಸ್ಕಿಗೆ ಫೋನ್ ಮಾಡಬಹುದಾ?

ಮಾಡಿ, ಆದರೆ ಸಂಜೆ ಏಳರ ಮೇಲೆ ಬೇಡ, ಅದು ಪುಟ ಕಟ್ಟುವ ಹೊತ್ತು. ಮಧ್ಯಾಹ್ನ ಮಾಡಿ. "ಯಾಕೆ ಹಾಕಲಿಲ್ಲ?" ಎಂದು ಜಗಳಕ್ಕೆ ಹೋಗದೆ "ಎಂತ ಕಡಿಮೆ ಆಯಿತು ಸರ್?" ಅಥವಾ "ಮೇಡಂ?" ಎಂದು ಕೇಳಿ. ಜಾಗ ಇರಲಿಲ್ಲ ಅಂದರೆ ನಾಳೆ ನೋಡಿ. ಪಂಚಾಯತಿನವರ ಮಾತು ಇಲ್ಲವಲ್ಲ ಅಂದರೆ ಆ ದಿನವೇ ಪಿಡಿಒಗೆ ಫೋನ್ ಮಾಡಿ, ಅವರು ಹೇಳಿದ್ದನ್ನು ಸೇರಿಸಿ, ಐದು ಗಂಟೆಯೊಳಗೆ ಮತ್ತೆ ಕಳಿಸಿ.